ಹೊಳೆಯ ತಳದಲ್ಲಿ ಏನಿದೆ?

ಹೋದ ತಿಂಗಳು ಇಂಗುಗುಂಡಿಯ ಬಗ್ಗೆ ಪಾಠ ಬಂದಿತ್ತು. ಈ ತಿಂಗಳು ನಾನು ಹೊಳೆಯ ತಳದಲ್ಲಿ ಕೂತಿರುವ ಕಸದ ಬಗ್ಗೆ, ಅದನ್ನು ನೀರಲ್ಲಿ ಮುಳುಗಿ ತೆಗೆಯುವವರ ಬಗ್ಗೆ ಬರೆದಿದ್ದೇನೆ. "ಹೊಸಹಳ್ಳಿಗೆ ಹೊಳೆಯೇ ಇಲ್ಲ, ನಮಗ್ಯಾಕೆ ಈ ಪಾಠ?" ಅಂತ ಕೆಲವರು ಕೇಳಬಹುದು. ಕೊನೆವರೆಗೂ ಓದಿರಿ. ನಮಗೂ ಅದಕ್ಕೂ ಸಂಬಂಧ ಇದೆ.

1. ನಾನು ಕಣ್ಣಾರೆ ಕಂಡದ್ದು

ನಮ್ಮ ಅವ್ವನ ತವರು ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರಾ ಹೊಳೆಯ ದಂಡೆಯ ಮೇಲಿದೆ. ಮೈಲಾರದಿಂದ ಹೊಳೆಯ ಕೆಳಗಡೆ. ಬೇಸಿಗೆ ರಜೆಗೆ ಅಲ್ಲಿಗೆ ಹೋಗಿದ್ದೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು, ಬಂಡೆ ಎಲ್ಲಾ ಕಾಣ್ತವೆ. ಆಳ ಇದ್ದ ಕಡೆ ಮಾತ್ರ ನೀರು ನಿಂತಿರುತ್ತದೆ. ಅದಕ್ಕೆ ಮಡು ಅಂತಾರೆ. ಜನ ಸ್ನಾನ ಮಾಡುವುದು, ದನದ ಮೈ ತೊಳೆಯುವುದು, ಮೀನು ಹಿಡಿಯುವುದು ಎಲ್ಲಾ ಆ ಮಡುವಿನಲ್ಲೇ.

ಒಂದು ದಿನ ಬೆಳಿಗ್ಗೆ ನಮ್ಮ ಮಾವ ಮತ್ತು ಮೀನು ಹಿಡಿಯುವ ಐದಾರು ಮಂದಿ ಹರಿಗೋಲು ಹೊತ್ತುಕೊಂಡು ಮಡುವಿಗೆ ಹೊರಟರು. ಕೈಯಲ್ಲಿ ಬಲೆ ಇರಲಿಲ್ಲ. ಹಗ್ಗ, ಕುಡುಗೋಲು, ಖಾಲಿ ಗೊಬ್ಬರದ ಚೀಲ ಇದ್ದವು. "ಇವತ್ತು ಮೀನಲ್ಲ, ಕಸ ಹಿಡಿಯಾಕ ಹೊಂಟೀವಿ" ಅಂತ ಮಾವ ನಕ್ಕರು. ಇದಕ್ಕೆ ಅವರಿಗೆ ಯಾರೂ ಕೂಲಿ ಕೊಡುವುದಿಲ್ಲ. ತಳದಲ್ಲಿದ್ದ ಬಟ್ಟೆಗೆ ಸಿಕ್ಕು ಬಲೆ ಹರಿದೂ ಹರಿದೂ ಸಾಕಾಗಿ ಅವರೇ ಈ ಕೆಲಸ ಶುರು ಮಾಡಿದ್ದಾರೆ.

ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗುವರು. ಇನ್ನೊಬ್ಬರು ಹರಿಗೋಲಿನಲ್ಲಿ ಕೂತು ಹಗ್ಗ ಹಿಡಿದು "ಒಂದು, ಎರಡು, ಮೂರು" ಅಂತ ಎಣಿಸುವರು. ಐವತ್ತು ಎಣಿಸುವುದರೊಳಗೆ ಕೆಳಗಿನವರು ಮೇಲೆ ಬರಬೇಕು. ಮೊದಲು ಬಂದದ್ದು ಸೀರೆ. ಆಮೇಲೆ ಪಂಚೆ, ಅಂಗಿ, ಟವೆಲ್ಲು, ಒಡೆದ ಬಾಟಲಿ, ದೇವರ ಫೋಟೋದ ಗಾಜು, ಶಾಂಪೂ ಪಾಕೀಟು, ಹಳೇ ನೈಲಾನ್ ಬಲೆ. ದಂಡೆಯಲ್ಲಿ ನಿಂತು ನೋಡಿದರೆ ನೀರು ತಿಳಿಯಾಗೇ ಇತ್ತು. ಇಷ್ಟೆಲ್ಲಾ ಕೆಳಗಿದೆ ಅಂತ ನನಗೆ ಅನಿಸಿಯೇ ಇರಲಿಲ್ಲ.

ನಾಲ್ಕನೇ ಸಲ ಮಾವ ಮುಳುಗಿದಾಗ ಎಣಿಕೆ ಐವತ್ತು ದಾಟಿತು. ಅರವತ್ತಾಯಿತು. ಹಗ್ಗ ಅಲುಗಿತು. ಇಬ್ಬರು ಸೇರಿ ಎಳೆದರು, ಬರಲಿಲ್ಲ. ನನಗೆ ಕೈಕಾಲು ತಣ್ಣಗಾದವು. ಮತ್ತೊಮ್ಮೆ ಎಳೆದಾಗ ಮಾವ ಮೇಲೆ ಬಂದರು. ಕಾಲಿಗೆ ಸೀರೆಯ ತುಂಡು ಸುತ್ತಿಕೊಂಡಿತ್ತು. ಕೆಳಗೆ ಕುಡುಗೋಲಿನಿಂದ ಕೊಯ್ದುಕೊಂಡು ಬಂದಿದ್ದರು. ದಂಡೆಗೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಸಣ್ಣಾವಿದ್ದಾಗಿಂದ ಈ ಹೊಳಿಯಾಗ ಈಜೀನಿ. ಇವತ್ತು ಒಂದು ಸೀರಿ ನನ್ನ ಹಿಡಕಂತು ನೋಡು" ಅಂದರು.

ಆವತ್ತು ನಾಲ್ಕು ಗೊಬ್ಬರದ ಚೀಲ ತುಂಬಿದವು.

2. ಕಸ ಯಾಕೆ ಮುಳುಗುತ್ತದೆ?

ಶಾಲೆ ಶುರುವಾದ ಮೇಲೆ ಇದನ್ನು ನಮ್ಮ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು "ಬಕೆಟ್ ತಗೊಂಬಾ, ಮಾಡೇ ನೋಡೋಣ" ಅಂದರು. ನಾವು ನಾಲ್ಕು ಮಂದಿ ಕೂಡಿ ಮಾಡಿದ ಪ್ರಯೋಗ ಇದು. ನೀವೂ ಮಾಡಿ ನೋಡಿರಿ.

ಒಂದು ಬಕೆಟ್ ನೀರಿಗೆ ಒಂದೊಂದೇ ವಸ್ತು ಹಾಕಿದೆವು.

ಹಾಲಿನ ಕವರು: ತೇಲಿತು.
ಬಾಟಲಿಯ ಮುಚ್ಚಳ: ತೇಲಿತು.
ಮುಚ್ಚಳ ಹಾಕಿದ ಖಾಲಿ ನೀರಿನ ಬಾಟಲಿ: ತೇಲಿತು.
ಅದೇ ಬಾಟಲಿಯನ್ನು ಕತ್ತರಿಸಿದ ತುಂಡು: ಮುಳುಗಿತು!
ಗಾಜಿನ ಬಳೆ ಚೂರು: ಮುಳುಗಿತು.
ಹವಾಯಿ ಚಪ್ಪಲಿ: ತೇಲಿತು.
ಬಟ್ಟೆಯ ತುಂಡು: ಮೊದಲು ತೇಲಿತು, ಆಮೇಲೆ ಮೆಲ್ಲಗೆ ಮುಳುಗಿತು.
ಶಾಂಪೂ ಪಾಕೀಟು: ಮೊದಲು ತೇಲಿತು. ಒಳಗೆ ನೀರು ಮತ್ತು ಒಂದು ಚಿಟಿಕೆ ಮರಳು ಸೇರಿದ ಮೇಲೆ ಮುಳುಗಿತು.

ಇದಕ್ಕೆ ಕಾರಣ ಸಾಂದ್ರತೆ. ಒಂದು ಘನ ಸೆಂಟಿಮೀಟರ್ ನೀರಿನ ತೂಕ 1 ಗ್ರಾಂ. ಅಷ್ಟೇ ಗಾತ್ರದ ವಸ್ತು ಅದಕ್ಕಿಂತ ಹಗುರ ಇದ್ದರೆ ತೇಲುತ್ತದೆ, ಭಾರ ಇದ್ದರೆ ಮುಳುಗುತ್ತದೆ. ಹಾಲಿನ ಕವರು ಪಾಲಿಥೀನಿನದು, ಅದು ಸುಮಾರು 0.92 ಗ್ರಾಂ. ಅದಕ್ಕೇ ತೇಲುತ್ತದೆ. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿಗೆ ಪೆಟ್ ಅಂತ ಹೆಸರು, ಅದು ಸುಮಾರು 1.38 ಗ್ರಾಂ. ಗಾಜು ಸುಮಾರು 2.5 ಗ್ರಾಂ. ಹತ್ತಿಯ ನೂಲು ಸುಮಾರು 1.5, ಪಾಲಿಯೆಸ್ಟರ್ ನೂಲು ಸುಮಾರು 1.38. ಬಟ್ಟೆಯ ಎಳೆಗಳ ನಡುವೆ ಗಾಳಿ ಇರುವತನಕ ತೇಲುತ್ತದೆ. ಗಾಳಿ ಹೋಗಿ ನೀರು ತುಂಬಿದರೆ ತಳಕ್ಕೆ ಹೋಗುತ್ತದೆ. ಖಾಲಿ ಬಾಟಲಿ ತೇಲುವುದೂ ಒಳಗಿನ ಗಾಳಿಯಿಂದಲೇ.

ಇನ್ನೊಂದು ಕಾರಣ ಇದೆ. ನೀರು ಜೋರಾಗಿ ಹರಿಯುವಾಗ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ನಿಧಾನ ಆದ ಕೂಡಲೇ ಹೊತ್ತದ್ದನ್ನು ಕೆಳಗಿಳಿಸುತ್ತದೆ. ನಮ್ಮ ತುಂಗಭದ್ರಾ ಅಣೆಕಟ್ಟನ್ನೇ ನೋಡಿರಿ. 1953ರಲ್ಲಿ ಅದು ಮುಗಿದಾಗ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಹೂಳು ಇಳಿದು ಇಳಿದು ಅದು ಸುಮಾರು 105 ಟಿ.ಎಂ.ಸಿ.ಗೆ ಬಂದಿದೆ. ಹೂಳು ಇಳಿಯುವ ಹಾಗೆಯೇ ಮಡುವಿನಲ್ಲಿ ಕಸವೂ ಇಳಿಯುತ್ತದೆ. ಮೇಲೆ ಮರಳು ಕೂತರೆ ಹೂತೇ ಹೋಗುತ್ತದೆ.

ಆದ್ದರಿಂದ ನೆನಪಿಡಿರಿ: ಮೇಲೆ ತೇಲುವ ಕಸವನ್ನು ಕೋಲಿನಿಂದ ತೆಗೆಯಬಹುದು. ತಳದ ಕಸಕ್ಕೆ ಮನುಷ್ಯರೇ ಮುಳುಗಬೇಕು.

3. ಮುಳುಗುವವರ ಕೆಲಸ ಹೇಗೆ?

ನಮ್ಮ ಮಾವನಂಥವರು ಉಸಿರು ಹಿಡಿದು ಮುಳುಗುತ್ತಾರೆ. ಬೇರೆ ಕಡೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗುತ್ತಾರೆ. ಈ ಉಪಕರಣವನ್ನು 1943ರಲ್ಲಿ ಫ್ರಾನ್ಸ್ ದೇಶದ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ ಎಂಬ ಇಬ್ಬರು ಮಾಡಿದರು. ಆ ಸಿಲಿಂಡರಿನಲ್ಲಿ ಆಮ್ಲಜನಕ ಮಾತ್ರ ಇರುತ್ತದೆ ಅಂತ ನಾನು ತಿಳಿದಿದ್ದೆ. ತಪ್ಪು. ಸಾಮಾನ್ಯವಾಗಿ ಅದರಲ್ಲಿ ಇರುವುದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿರುತ್ತಾರೆ. 12 ಲೀಟರ್ ಹಿಡಿಯುವ ಸಿಲಿಂಡರಿಗೆ 200 ಪಟ್ಟು ಒತ್ತಿ ತುಂಬಿದರೆ ಸುಮಾರು 2400 ಲೀಟರ್ ಗಾಳಿ ಆಗುತ್ತದೆ.

ನೀರೊಳಗೆ ಹೋದ ಹಾಗೆ ಒತ್ತಡ ಜಾಸ್ತಿ ಆಗುತ್ತದೆ. 10 ಮೀಟರ್ ಆಳಕ್ಕೆ ಹೋದರೆ ನೀರಿನ ಮೇಲಿರುವ ಒತ್ತಡದ ಎರಡರಷ್ಟು. ಅದಕ್ಕೇ ಮೊದಲು ಕಿವಿ ನೋಯುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯೊಳಗಿನ ಒತ್ತಡ ಸರಿ ಮಾಡಿಕೊಳ್ಳುತ್ತಾರೆ. ಆ ಆಳದಲ್ಲಿ ಗಾಳಿಯೂ ಎರಡು ಪಟ್ಟು ಬೇಗ ಖರ್ಚಾಗುತ್ತದೆ. ಸಿಲಿಂಡರಿನಿಂದ ಉಸಿರಾಡುವವರು ಮೇಲೆ ಬರುವಾಗ ಉಸಿರು ಬಿಗಿ ಹಿಡಿಯಲೇಬಾರದು. ಯಾಕಂದ್ರೆ ಒತ್ತಡ ಕಡಿಮೆಯಾಗಿ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ, ಶ್ವಾಸಕೋಶಕ್ಕೇ ಗಾಯ ಆಗಬಹುದು.

ಕಸ ತೆಗೆಯುವವರು ಪಾಲಿಸುವ ನಿಯಮಗಳು ಇವು:

ಅ) ಒಬ್ಬರೇ ಮುಳುಗಬಾರದು. ಜೊತೆಗಾರ ಇರಲೇಬೇಕು.
ಆ) ಕೈಗವಸು ಬೇಕು. ಬಲೆ, ಬಟ್ಟೆ ಕೊಯ್ಯಲು ಚಾಕು ಬೇಕು.
ಇ) ಕಸ ತುಂಬಲು ಬಲೆಯ ಚೀಲ ಬೇಕು. ಮೇಲೆ ಎತ್ತುವಾಗ ನೀರು ಸೋರಿ ಹೋಗಿ ಚೀಲ ಹಗುರ ಆಗುತ್ತದೆ.
ಈ) ಬಹಳ ಭಾರದ ವಸ್ತುವಿಗೆ ಗಾಳಿಚೀಲ ಕಟ್ಟಿ, ನೀರೊಳಗೇ ಅದಕ್ಕೆ ಗಾಳಿ ತುಂಬುತ್ತಾರೆ. 50 ಲೀಟರ್ ಗಾಳಿ ಸುಮಾರು 50 ಕಿಲೋ ಭಾರ ಎತ್ತುತ್ತದೆ. ಇದು ನಮ್ಮ ಪಾಠದಲ್ಲಿ ಬಂದ ಆರ್ಕಿಮಿಡೀಸ್ ತತ್ವ.
ಉ) ಡಬ್ಬಿ, ಬಾಟಲಿ ಒಳಗೆ ಮೀನು, ಏಡಿ ಮನೆ ಮಾಡಿದ್ದರೆ ಮೊದಲು ಅವನ್ನು ಬಿಡಬೇಕು.

ಗೆಳೆಯರೇ, ಇದನ್ನು ಓದಿ ಯಾರೂ ಬಾವಿಗೋ ಕೆರೆಗೋ ಮುಳುಗಲು ಹೋಗಬೇಡಿರಿ. ಮಾವ ಇಷ್ಟು ವರ್ಷ ಈಜಿದವರು. ಅವರಿಗೇ ಆವತ್ತು ಹಾಗಾಯಿತು.

4. ಬೇರೆ ದೇಶದಲ್ಲಿ

ಈ ವಿಷಯಗಳನ್ನು ಮೇಷ್ಟ್ರು ಓದಿ ಹೇಳಿದರು, ನಾನು ಬರೆದುಕೊಂಡೆ.

ಅಮೆರಿಕದಲ್ಲಿ ಮಿಸಿಸಿಪ್ಪಿ ಅಂತ ದೊಡ್ಡ ನದಿ ಇದೆ. ಅದರ ದಂಡೆಯಲ್ಲಿ ಬೆಳೆದ ಚಾಡ್ ಪ್ರೆಗ್ರ್ಯಾಕಿ ಎಂಬ ಹುಡುಗ ತನ್ನ ಅಣ್ಣನ ಜೊತೆ ನದಿ ತಳಕ್ಕೆ ಮುಳುಗಿ ಕಪ್ಪೆಚಿಪ್ಪು ಆರಿಸಿ ಮಾರುತ್ತಿದ್ದ. ನದಿಯಲ್ಲಿ, ದಂಡೆಯಲ್ಲಿ ಟೈರು, ಪೀಪಾಯಿ, ಕೆಟ್ಟ ಫ್ರಿಜ್ಜು ಬಿದ್ದಿರುವುದನ್ನು ದಿನಾ ನೋಡುತ್ತಿದ್ದ. ಯಾರೂ ತೆಗೆಯದಿದ್ದಾಗ 1997ರಲ್ಲಿ ತಾನೇ ದೋಣಿಯಲ್ಲಿ ತೆಗೆಯಲು ಶುರು ಮಾಡಿದ. 1998ರಲ್ಲಿ ಇದಕ್ಕೇ ಒಂದು ಸಂಸ್ಥೆ ಕಟ್ಟಿದ. ಸಾವಿರಾರು ಮಂದಿ ಸ್ವಯಂಸೇವಕರು ಸೇರಿದರು. 2013ರಲ್ಲಿ ಅವನಿಗೆ ದೊಡ್ಡ ಪ್ರಶಸ್ತಿ ಬಂತು. ನನಗೆ ಇದರಲ್ಲಿ ಇಷ್ಟ ಆದದ್ದು ಏನಂದ್ರೆ, ಅವನೂ ನಮ್ಮ ಮಾವನ ಹಾಗೆ ಹೊಳೆಯಲ್ಲಿ ಹೊಟ್ಟೆ ಹೊರೆಯುತ್ತಿದ್ದವನು. ನೀರೊಳಗೆ ಇಳಿದವರಿಗೇ ನೀರಿನ ಕಷ್ಟ ಮೊದಲು ಕಾಣುತ್ತದೆ.

ಅದೇ ದೇಶದ ತಾಹೋ ಎಂಬ ಸರೋವರದಲ್ಲಿ 2021ರ ಮೇ ತಿಂಗಳಿಂದ 2022ರ ಮೇ ತನಕ ಮುಳುಗುಗಾರರು ದಂಡೆಯ ಸುತ್ತ ಸುಮಾರು 115 ಕಿಲೋಮೀಟರ್ ಕಸ ತೆಗೆದರು. ಸುಮಾರು 11 ಟನ್ ಸಿಕ್ಕಿತು. ಆ ಸರೋವರದ ನೀರು ಬಹಳ ತಿಳಿ ಅಂತ ಹೆಸರಾದದ್ದು! ತಿಳಿ ನೀರಿನ ತಳದಲ್ಲೇ ಇಷ್ಟು.

2011ರಿಂದ ಲೋಕದ ಅನೇಕ ಕಡೆ ಸಮುದ್ರಕ್ಕೆ ಮುಳುಗುವವರು ಕಸ ತೆಗೆದು, ಯಾವುದು ಎಷ್ಟು ಸಿಕ್ಕಿತು ಅಂತ ಎಣಿಸಿ ಬರೆದಿಡುತ್ತಾರೆ. ಬರೆದಿಡುವುದು ಯಾಕಂದ್ರೆ, ಕಸ ಯಾವುದು ಅಂತ ಗೊತ್ತಾದರೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಎಲ್ಲಿಂದ ಬಂತು ಅಂತ ಗೊತ್ತಾದರೆ ನಿಲ್ಲಿಸಬಹುದು.

5. ತುಂಗಭದ್ರೆ ಯಾರ ಮನೆ?

ತುಂಗಾ, ಭದ್ರಾ ಎರಡೂ ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟುತ್ತವೆ. ಕೂಡಲಿಯಲ್ಲಿ ಕೂಡುತ್ತವೆ. ಅಲ್ಲಿಂದ ತುಂಗಭದ್ರೆ 531 ಕಿಲೋಮೀಟರ್ ಹರಿದು ಕೃಷ್ಣೆಗೆ ಸೇರುತ್ತದೆ. ನಮ್ಮ ಜಿಲ್ಲೆಯಲ್ಲಿ ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯಿಂದ ಅಣೆಕಟ್ಟಿಗೆ ಬಂದು, ಹಂಪಿಯ ಮಗ್ಗುಲಲ್ಲಿ ಹಾದು ಮುಂದಕ್ಕೆ ಹೋಗುತ್ತದೆ.

ಈ ಹೊಳೆಯಲ್ಲಿ ನೀರುನಾಯಿ ಎಂಬ ಪ್ರಾಣಿ ಇದೆ. ಅದು ಮೀನು ತಿಂದು ಬದುಕುತ್ತದೆ. ಬಂಡೆ ಸಂದಿಯಲ್ಲಿ ಮರಿ ಮಾಡುತ್ತದೆ. ಅದರ ರಕ್ಷಣೆಗೆ 2015ರಲ್ಲಿ ಅಣೆಕಟ್ಟಿನ ಹತ್ತಿರದ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಅಂತ ಸರ್ಕಾರ ಘೋಷಿಸಿತು. ಹೊಳೆಯಲ್ಲಿ ಆಮೆ, ಮೊಸಳೆಯೂ ಇವೆ. ನೀರೊಳಗೆ ಬಿಟ್ಟ ಹಳೇ ನೈಲಾನ್ ಬಲೆ ಕೊಳೆಯುವುದಿಲ್ಲ. ಮೀನುಗಾರ ಮನೆಗೆ ಹೋದರೂ ಅದು ಮೀನು, ಆಮೆ, ನೀರುನಾಯಿಯನ್ನು ಹಿಡಿಯುತ್ತಲೇ ಇರುತ್ತದೆ. ಮಾವನನ್ನು ಹಗ್ಗ ಹಾಕಿ ಎಳೆಯಲು ಜನ ಇದ್ದರು. ನೀರುನಾಯಿಗೆ ಯಾರಿದ್ದಾರೆ?

ಮುಳುಗುವವರಿಂದ ಎಲ್ಲಾ ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಚರಂಡಿ ನೀರು, ಕಾರ್ಖಾನೆ ನೀರು, ಸೋಪಿನ ನೊರೆ ನೀರಿನಲ್ಲಿ ಕಲೆತು ಹೋಗುತ್ತವೆ. ಅವನ್ನು ಚೀಲದಲ್ಲಿ ತುಂಬಲು ಬರುವುದಿಲ್ಲ. 2024ರ ನವೆಂಬರಿನಲ್ಲಿ ತುಂಗಭದ್ರೆಯನ್ನು ಉಳಿಸಿರಿ ಅಂತ ಹೇಳುತ್ತಾ ಜನ ಶೃಂಗೇರಿಯಿಂದ ಹರಿಹರದವರೆಗೆ ಪಾದಯಾತ್ರೆ ಮಾಡಿದರು. 2025ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವರಾಗಿದ್ದ ಈಶ್ವರ ಖಂಡ್ರೆಯವರು, ಪುಣ್ಯಕ್ಷೇತ್ರಗಳಲ್ಲಿ ನದಿ, ಕೆರೆ, ಕಲ್ಯಾಣಿಗಳ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರುವುದನ್ನು ನಿಲ್ಲಿಸಲು, ಭಕ್ತರು ನೀರಿನಲ್ಲಿ ಬಟ್ಟೆ ಬಿಡುವುದನ್ನು ತಡೆಯಲು ಅಧಿಕಾರಿಗಳಿಗೆ ಸೂಚನೆ ಕೊಟ್ಟರು.

6. ನನ್ನ ಅಂಗಿ

ಈಗ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಭಾರತ ಹುಣ್ಣಿಮೆಗೆ ನಾವು ಮನೆಮಂದಿ ಮೈಲಾರಲಿಂಗನ ಜಾತ್ರೆಗೆ ಹೋಗಿದ್ವಿ. ಅದಕ್ಕೂ ಮುಂಚೆ ನನಗೆ ಹದಿನೈದು ದಿನ ಜ್ವರ ಬಂದಿತ್ತು. ಹೊಳೆಯಲ್ಲಿ ಸ್ನಾನ ಮಾಡುವಾಗ ಅಜ್ಜಿ "ಮೈಮೇಲಿನ ಅಂಗಿ ನೀರಿಗೆ ಬಿಡಪ, ಪೀಡೆ ಹೋಗ್ತತಿ" ಅಂದಳು. ಬಿಟ್ಟೆ. ಅದು ನನ್ನ ಹಳೇ ಸ್ಕೂಲ್ ಅಂಗಿ. ಸ್ವಲ್ಪ ದೂರ ತೇಲಿ ಹೋಗಿ ಕಾಣದಾಯಿತು. ಕಾಣದಾಯಿತು ಅಂದ್ರೆ ಹೋಯಿತು ಅಂತ ತಿಳಿದಿದ್ದೆ.

ಮಡುವಿನ ದಂಡೆಯಲ್ಲಿ ಬಟ್ಟೆ ರಾಶಿ ಹಾಕಿದಾಗ ಅದರಲ್ಲಿ ಹುಡುಗರ ಅಂಗಿಗಳೂ ಇದ್ದವು. ನಾನು ಒಂದೊಂದೇ ತಿರುವಿ ನೋಡಿದೆ. ನನ್ನ ಅಂಗಿ ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ಸಮಾಧಾನ ಆಗ್ತಿತ್ತು. ಅದು ಟೆರಿಕಾಟ್ ಅಂಗಿ. ಅದರಲ್ಲಿ ಪಾಲಿಯೆಸ್ಟರ್ ಎಳೆ ಇರುತ್ತದೆ, ಅದು ಹತ್ತಿಯಂತೆ ಬೇಗ ಕೊಳೆಯುವುದಿಲ್ಲ. ಅಂದರೆ ಅದು ಎಲ್ಲೋ ತಳದಲ್ಲಿ ಇನ್ನೂ ಇದೆ. ಯಾರ ಕಾಲಿಗೆ ಸುತ್ತುತ್ತದೋ ಗೊತ್ತಿಲ್ಲ.

ಊರಿಗೆ ಬಂದು ಅಜ್ಜಿಗೆ ಮಾವನ ವಿಷಯ ಹೇಳಿದೆ. ಅಜ್ಜಿ ಮೊದಲು ಸಿಟ್ಟಾದಳು. "ಹಿರೇರು ಮಾಡಿದ್ದು ಸುಳ್ಳೇನು?" ಅಂದಳು. ನಾನು "ಅಜ್ಜಿ, ಹಿರೇರ ಕಾಲಕ್ಕೆ ಇಷ್ಟು ಜನ ಇದ್ದರೇನು, ಪಾಲಿಯೆಸ್ಟರ್ ಇತ್ತೇನು?" ಅಂತ ಕೇಳಿದೆ. ಅವಳು ಸುಮ್ಮನಾದಳು. ಸಂಜೆಗೆ ತಾನೇ "ನಮ್ಮ ಪೀಡೆ ಬಿಟ್ಟು ಬಂದು ನಿಮ್ಮ ಮಾವಗ ಹಚ್ಚಿದಂಗಾತಲ್ಲೋ" ಅಂದಳು. ಮುಂದಿನ ವರ್ಷ ಬಟ್ಟೆ ಬಿಡೋದು ಬೇಡ, ಒಗೆದು ಇಲ್ಲದವರಿಗೆ ಕೊಡೋಣ ಅಂದೆ. "ನೋಡಾನ ಬಿಡು" ಅಂದಿದ್ದಾಳೆ. ಆಗಲ್ಲ ಅಂತ ಹೇಳಿಲ್ಲ.

7. ಹೊಸಹಳ್ಳಿಗೂ ಹೊಳೆಗೂ ಏನು ಸಂಬಂಧ?

ನಮ್ಮೂರಿನ ಹಳ್ಳ ವರ್ಷದಲ್ಲಿ ಬಹಳ ದಿನ ಒಣಗಿರುತ್ತದೆ. ಅದಕ್ಕೇ ಎಲ್ಲರೂ ಕಸ ಅಲ್ಲಿಗೆ ಸುರಿಯುತ್ತೇವೆ. ದೊಡ್ಡ ಮಳೆ ಬಂದ ಮಾರನೇ ದಿನ ಹಳ್ಳ ಸ್ವಚ್ಛ ಆಗಿರುತ್ತದೆ. ಕಸ ಎಲ್ಲಿಗೆ ಹೋಯಿತು? ಕೂಡ್ಲಿಗಿ ಕಡೆಯ ಹಳ್ಳದ ನೀರು ಚಿಕ್ಕಹಗರಿಗೆ, ಚಿಕ್ಕಹಗರಿ ಹಗರಿಗೆ ಸೇರುತ್ತದೆ. ಹಗರಿ ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಗೆ ಸೇರುತ್ತದೆ. ನಮ್ಮ ಕವರು ದಾರಿಯಲ್ಲಿ ಯಾವುದೋ ಕೆರೆಯಲ್ಲಿ ನಿಲ್ಲಬಹುದು, ಇಲ್ಲವೇ ಹೊಳೆವರೆಗೂ ಹೋಗಬಹುದು. ಎಲ್ಲಿ ನಿಂತರೂ ಅದು ಒಬ್ಬರ ನೀರು.

ಆದ್ದರಿಂದ ನಾವು ಮಾಡಬಹುದಾದದ್ದು:

* ಹಳ್ಳದಲ್ಲಿ ನೀರು ಇಲ್ಲದಾಗಲೇ ಕಸ ತೆಗೆಯುವುದು. ಈಗ ತೆಗೆಯಲು ಕೈ ಸಾಕು. ಹೊಳೆಗೆ ಹೋದ ಮೇಲೆ ಒಬ್ಬರು ಉಸಿರು ಹಿಡಿಯಬೇಕು.
* ಜಾತ್ರೆಗೆ ಹೋದಾಗ ಒದ್ದೆ ಬಟ್ಟೆ ತರಲು ಮನೆಯಿಂದಲೇ ಒಂದು ಚೀಲ ಒಯ್ಯುವುದು.
* ಗಣಪನನ್ನು ಕೆರೆ ಮಣ್ಣಿನಲ್ಲೇ ಮಾಡುವುದು, ಬಣ್ಣ ಬಳಿಯದಿರುವುದು. ಪ್ಲಾಸ್ಟರ್ ಗಣಪ ಮಣ್ಣಿನಂತೆ ಕರಗುವುದಿಲ್ಲ.
* ಶಾಂಪೂ ಪಾಕೀಟು, ಬ್ಲೇಡು, ಗಾಜನ್ನು ಸ್ನಾನದ ಜಾಗದಲ್ಲಿ ಬಿಡದಿರುವುದು.

ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾವು ಏಳನೇ ತರಗತಿಯವರು ಶಾಲೆ ಹಿಂದಿನ ಹಳ್ಳದಲ್ಲಿ ಕಸ ಆರಿಸಿ ಎಣಿಸುತ್ತೇವೆ. ಹೆಡ್ ಮಾಸ್ತರು ಒಪ್ಪಿದ್ದಾರೆ. ಯಾವುದು ಎಷ್ಟು ಸಿಕ್ಕಿತು ಅಂತ ಮುಂದಿನ ತಿಂಗಳು ಇದೇ ಗೋಡೆಯ ಮೇಲೆ ಬರೆಯುತ್ತೇವೆ. ಬರುವವರು ಒಂದು ಖಾಲಿ ಚೀಲ ತರಬೇಕು, ಚಪ್ಪಲಿ ಹಾಕಿಕೊಂಡು ಬರಬೇಕು.

ಉತ್ತರ ಹೇಳಿರಿ ನೋಡೋಣ

1) ಮುಚ್ಚಳ ಹಾಕಿದ ಬಾಟಲಿ ತೇಲುತ್ತದೆ, ಅದರ ತುಂಡು ಮುಳುಗುತ್ತದೆ. ಯಾಕೆ?
2) ಸಿಲಿಂಡರಿನಲ್ಲಿ 2400 ಲೀಟರ್ ಗಾಳಿ ಇದೆ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಖರ್ಚಾಗುವುದಾದರೆ, 10 ಮೀಟರ್ ಆಳದಲ್ಲಿ ಎಷ್ಟು ನಿಮಿಷಕ್ಕೆ ಖಾಲಿ ಆಗುತ್ತದೆ?
3) ನೀರುನಾಯಿ ಮೀಸಲು ಎಲ್ಲಿಂದ ಎಲ್ಲಿಯವರೆಗೆ ಇದೆ?
4) ನಿಮ್ಮ ಮನೆಯಿಂದ ಹೊಳೆಗೆ ಹೋಗಿರುವ ಒಂದು ವಸ್ತು ಯಾವುದು?

ಉತ್ತರಗಳು: 1) ಒಳಗಿನ ಗಾಳಿ ಅದನ್ನು ತೇಲಿಸುತ್ತದೆ. ಬಾಟಲಿಯ ಪ್ಲಾಸ್ಟಿಕ್ ನೀರಿಗಿಂತ ಭಾರ. 2) 60 ನಿಮಿಷ. ಆದರೆ ಮುಳುಗುವವರು ಗಾಳಿ ಉಳಿದಿರುವಾಗಲೇ ಮೇಲೆ ಬರಬೇಕು. 3) ಮುದ್ಲಾಪುರದಿಂದ ಕಂಪ್ಲಿಯವರೆಗೆ. 4) ನನ್ನ ಉತ್ತರ ಮೇಲೆ ಬರೆದಿದ್ದೇನೆ. ನಿಮ್ಮ ಉತ್ತರ ನೀವೇ ಬರೆಯಿರಿ.

ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

ಏಳನೇ ತರಗತಿ, ಹೊಸಹಳ್ಳಿ